ವಾಪಸು ಹೋದ ಕೆಂಪು ಚುಕ್ಕೆಗಳು

ಮೂರನೆಯದೂ ವಾಪಸು ಹೋಗುತ್ತದೆ ಎಂದು ತೀರ್ಮಾನವಾದಾಗ ಶ್ರೀದೇವಿ ಇನ್ನೂ ಕೋಟು ಕೂಡ ಬಿಚ್ಚಿರಲಿಲ್ಲ. ಬೆಳಗಿನ ಪಾಳಿ ಮುಗಿಸಿ, ಬಸ್ಸು ಬದಲಿಸಿ, ದಾರಿಯಲ್ಲಿ ಹಾಲು ಈರುಳ್ಳಿ ಕೊಂಡು, ಮೆಟ್ಟಿಲು ಹತ್ತಿ ಬಂದವಳಿಗೆ ಬಾಗಿಲಲ್ಲೇ ಗಂಡ ಎದುರಾದ. ಅಂಗೈ ಮೇಲೆ ಬಿಳಿ ಕರವಸ್ತ್ರ ಹಾಸಿಕೊಂಡಿದ್ದ. ಅದರ ಮೇಲೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಕರಿಯ ಸಾಮಾನು, ಅದಕ್ಕೊಂದು ಪುಟ್ಟ ಗಾಜಿನ ಕಿಟಕಿ.

"ಇದೂ ಅಷ್ಟ," ಎಂದ ಸುನಿಲಕುಮಾರ. "ಚುಕ್ಕಿ ದುಂಡಗ ಇಲ್ಲ. ಬಾಲ ಬಂದೈತಿ. ರಿಟರ್ನ್."

"ಹೌದೇನ್ರಿ?"

"ನೋಡು ಬೇಕಾದ್ರ. ಎದ್ದು ಕಾಣತೈತಿ."

ಶ್ರೀದೇವಿ ಈರುಳ್ಳಿಯ ಚೀಲ ಕೆಳಗಿಟ್ಟು, ಆ ಗಾಜಿನೊಳಗೆ ಹಣಕಿ ನೋಡಿದಳು. ಎದುರಿನ ಗೋಡೆಗೆ ಅಂಟಿದಂತೆ ಗಾಜಿನಲ್ಲಿ ಒಂದು ಕೆಂಪು ಚುಕ್ಕೆ ಕೂತಿತ್ತು. ಅವಳ ಕಣ್ಣಿಗೆ ಅದು ದುಂಡಗೇ ಕಂಡಿತು, ಕಡ್ಡಿಯ ತುದಿಯಿಂದ ಇಟ್ಟ ಕುಂಕುಮದ ಹಾಗೆ. ಬಾಲ ಎಲ್ಲಿದೆ ಎಂದು ಹುಡುಕಿದಳು. ಕಣ್ಣು ಕಿರಿದು ಮಾಡಿದಳು, ಅಗಲ ಮಾಡಿದಳು. ಬಾಲ ಸಿಗಲಿಲ್ಲ.

"ಹೂಂ," ಎಂದಳು.

ಮೊದಲನೆಯದರಲ್ಲೂ ಹೀಗೇ ಆಗಿತ್ತು, ಎರಡನೆಯದರಲ್ಲೂ ಹೀಗೇ. ಗಂಡನಿಗೆ ಎದ್ದು ಕಾಣುವ ದೋಷ ತನಗೆ ಕಾಣುವುದೇ ಇಲ್ಲವೆಂದರೆ ತನ್ನ ಕಣ್ಣು ಎಲ್ಲಿಗೆ ಬಂದು ನಿಂತಿರಬೇಕು! ಅದನ್ನು ಬಾಯಿಬಿಟ್ಟು ಹೇಳುವ ಹಾಗೂ ಇರಲಿಲ್ಲ. ಹೇಳಿದರೆ ಮುಂದಿನ ಮಾತು ಯಾವುದೆಂದು ಅವಳಿಗೆ ಗೊತ್ತಿತ್ತು. ಬಿಡು, ಅನ್ನುತ್ತಾನೆ.

ಈ 'ಬಿಡು' ಎಂಬುದರ ಕತೆ ಸ್ವಲ್ಪ ಹೇಳಬೇಕು. ಸುನಿಲಕುಮಾರ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಜರ್ಮನಿಯ ಕಲೋನ್‌ಗೆ ಬಂದ ಹೊಸದರಲ್ಲಿ ಶ್ರೀದೇವಿ ಸೂಪರ್‌ಮಾರ್ಕೆಟ್ಟಿನ ಪಾರ್ಕಿಂಗ್‌ನಲ್ಲಿ ಕಾರನ್ನು ಒಂದು ಕಂಬಕ್ಕೆ ಉಜ್ಜಿಸಿದಳು. ಅವನು ಬೈಯಲಿಲ್ಲ. "ನಿನಗ ತ್ರಾಸ ಯಾಕ, ಬಿಡು, ನಾ ಅದೀನಲ್ಲ," ಎಂದ. ಡ್ರೈವಿಂಗ್ ಅಲ್ಲಿಗೆ ನಿಂತಿತು. ಜರ್ಮನ್ ಕ್ಲಾಸಿನ ದೊಡ್ಡ ಪರೀಕ್ಷೆಗೆ ಓದುವಾಗ ತಲೆನೋವು ಬರುತ್ತಿದೆ ಎಂದಳು. "ತಲಿನೋವು ತಗೊಂಡು ಏನ್ ಮಾಡತಿ, ಬಿಡು." ಪರೀಕ್ಷೆ ನಿಂತಿತು. ಧಾರವಾಡದಲ್ಲಿ ಎಂಎಸ್ಸಿ ಕೆಮಿಸ್ಟ್ರಿ ಮಾಡಿದವಳು ಈಗ ಒಂದು ಗೋದಾಮಿನ ರೆಟೂರೆ ವಿಭಾಗದಲ್ಲಿ ನಿಂತಿದ್ದಾಳೆ. ಜನ ಆನ್‌ಲೈನಿನಲ್ಲಿ ತರಿಸಿ, ಮನಸ್ಸಿಗೆ ಬಾರದೆ ವಾಪಸು ಕಳಿಸಿದ ಬಟ್ಟೆಬರೆಗಳನ್ನು ಬಿಚ್ಚಿ, ದೀಪದ ಕೆಳಗೆ ಹಿಡಿದು, ಕಲೆ ಹರಕು ನೋಡಿ, ಮತ್ತೆ ಮಡಿಸುವುದು. ದಿನವಿಡೀ ಮಂದಿಗೆ ಬೇಡವಾದದ್ದನ್ನು ಮುಟ್ಟಿ ಮುಟ್ಟಿ ಕೈಯೇ ಬೇಸತ್ತಿರುತ್ತದೆ. ಮನೆಗೆ ಬಂದರೆ ಇಲ್ಲಿಯೂ ರಿಟರ್ನ್.

ಆದರೆ ಒಂದನ್ನು ಮಾತ್ರ ಅವಳು ಬಿಟ್ಟಿರಲಿಲ್ಲ. ಅದೇ ಅವಳ ಗುರುವಾರದ ಸಂಜೆ.

ಕಾಲೇಜಿನಲ್ಲಿ ಎನ್‌ಸಿಸಿ ಸೇರಿದ್ದಾಗ ಕ್ಯಾಂಪಿನಲ್ಲಿ ನೆಲಕ್ಕೆ ಮಲಗಿ ಬಂದೂಕು ಹೊಡೆದ ಹುಡುಗಿ ಶ್ರೀದೇವಿ. ಗುಂಡು ಹಾರುವ ಮುಂಚಿನ ಆ ಒಂದು ಕ್ಷಣ, ಉಸಿರು ಹಿಡಿದಾಗ ಜಗತ್ತೆಲ್ಲ ಸುಮ್ಮನಾಗುವ ಆ ಕ್ಷಣ ಅವಳಿಗೆ ಮರೆತಿರಲಿಲ್ಲ. ಮಗಳು ಪವಿ ಓದಲು ಆಖೆನ್‌ಗೆ ಹೋದ ವರ್ಷ, ಖಾಲಿ ಮನೆಯ ಬೇಸರಕ್ಕೆ, ಬಸ್ ಸ್ಟಾಪಿನ ಪಕ್ಕದ ಶ್ಯುಟ್ಸೆನ್‌ಫರೈನಿನ ಬಾಗಿಲು ತಟ್ಟಿದಳು. ಊರೂರಿಗೂ ಇಂಥದ್ದೊಂದು ಗುರಿ ಹೊಡೆಯುವವರ ಸಂಘ ಇಲ್ಲಿ ಇದ್ದೇ ಇರುತ್ತದೆ. ಹಳೆಯ ಕಟ್ಟಡದ ನೆಲಮಾಳಿಗೆ, ಬಿಯರು ಮತ್ತು ಎಣ್ಣೆಯ ವಾಸನೆ, ಹೆಚ್ಚಿನವರು ತಲೆ ನರೆತವರು. ವರ್ಷವಿಡೀ ತಪ್ಪದೆ ಹೋಗಿ, ಪರೀಕ್ಷೆ ಕೊಟ್ಟು, ಪೊಲೀಸ್ ಕಚೇರಿಯಿಂದ ಪರವಾನಗಿ ಪಡೆದು, ಕೊನೆಗೆ ಒಂದು ಕಾರ್ಬೈನ್ ಕೊಂಡಳು. ಕಾರ್ಬೈನ್ ಎಂದರೆ ಗಿಡ್ಡ ನಳಿಗೆಯ, ಹಗುರವಾದ ಬಂದೂಕು. ಇವಳದು ಸಣ್ಣ ಗುಂಡಿನದು, ಐವತ್ತು ಮೀಟರ್ ದೂರದ ಕಾಗದಕ್ಕೆ ತೂತು ಮಾಡುವುದು ಬಿಟ್ಟರೆ ಬೇರೆ ಯಾವ ಪಾಪವನ್ನೂ ಅರಿಯದ್ದು.

ಗದಗಿನಿಂದ ಅತ್ತೆ ಅಂಬವ್ವ ಫೋನಿನಲ್ಲಿ ಬಾಯಿ ಬಡಿದುಕೊಂಡಳು. "ಮನಿಯಾಗ ತತ್ತಿ ಸುದ್ದಾ ತರದ ಮಂದಿ ನಾವು. ನೀ ಬಂದೂಕು ತಂದೀಯಲ್ಲವಾ!"

"ಅತ್ತಿ, ಹಾಳಿಗೆ ಹೊಡಿಯೂದ್ರಿ. ಹಾಳಿ."

"ಹಾಳಿ ನಿನಗೇನ್ ಮಾಡೇತಿ?"

ಕಾರ್ಬೈನ್ ಇಡಲು ಮಲಗುವ ಕೋಣೆಯಲ್ಲಿ ಉಕ್ಕಿನ ಕಪಾಟು ಬಂತು. ಅದನ್ನು ತೆರೆಯುವ ನಂಬರು ಪರವಾನಗಿ ಇದ್ದವರಿಗೆ ಮಾತ್ರ ಗೊತ್ತಿರಬೇಕು, ಗಂಡನಿಗೂ ಹೇಳುವಂತಿಲ್ಲ. ಇಡೀ ಮನೆಯಲ್ಲಿ ಸುನಿಲಕುಮಾರನಿಗೆ ತೆರೆಯಲು ಬಾರದ ಕಪಾಟು ಅದೊಂದೇ. ಮೊದಲ ಕೆಲವು ದಿನ ಅವನು ಅದರ ಮುಂದೆ ಹಾದುಹೋಗುವಾಗ ಕತ್ತು ತಿರುಗಿಸಿಯೇ ಹೋಗುತ್ತಿದ್ದ.

ಹೀಗಿರುವಾಗ ಈ ವರ್ಷ ಶ್ರೀದೇವಿಗೆ ನಳಿಗೆಯ ತುದಿಯ ಗುರಿಮೊಳೆ ಮಸುಕಾಗತೊಡಗಿತು. ನಲವತ್ತು ದಾಟಿದ ಮೇಲೆ ಓದಲು ಚಾಳೀಸು ಬಂದಿತ್ತು. ಈಗ ಮೊಳೆ ನೋಡಿದರೆ ಕಾಗದ ಮಂಜು, ಕಾಗದ ನೋಡಿದರೆ ಮೊಳೆ ಮಂಜು. ಗುಂಡುಗಳು ಕಾಗದದ ತುಂಬ ಚೆಲ್ಲಾಡಿದವು. ಸಂಘದಲ್ಲಿ ಕಲಿಸುವ ಉಲ್ಲಾಗೆ ಹೇಳಿಕೊಂಡಳು. ಉಲ್ಲಾ ನಿವೃತ್ತಿಯಾದ ಔಷಧಿ ಅಂಗಡಿಯವಳು, ಬಿಳಿ ಜಡೆ, ಕಡಿಮೆ ಮಾತು.

"ವಯಸ್ಸಾದರೆ ಎಲ್ಲರಿಗೂ ಹೀಗೇ," ಎಂದಳು ಉಲ್ಲಾ. "ಕೆಂಪು ಚುಕ್ಕೆಯದೊಂದು ತಗೋ. ಮೊಳೆ ನೋಡುವ ಗೋಜೇ ಇಲ್ಲ. ಗಾಜಿನೊಳಗೆ ಚುಕ್ಕೆ ಇರುತ್ತದೆ, ಅದನ್ನು ಗುರಿಯ ಮೇಲಿಟ್ಟು ಬಂದೂಕಿನ ಕುದುರೆ ಎಳೆದರಾಯಿತು. ದುಬಾರಿಯದು ಬೇಡ. ನಾವೇನು ಯುದ್ಧಕ್ಕೆ ಹೋಗುತ್ತೇವೆಯೇ? ಚುಕ್ಕೆ ದುಂಡಗಿರಬೇಕು, ಕೂರಿಸಿದ ಕಡೆ ಅಲುಗದೆ ಕೂರಬೇಕು. ಅಷ್ಟು ನೋಡಿಕೋ, ಸಾಕು."

ಸಂಘದಲ್ಲಿ ಮಿಕ್ಕವರೆಲ್ಲ ಹಳೆಯ ಕಾಲದ ಕಬ್ಬಿಣದ ಗುರಿಯವರು. ನೋಡೋಣ ಎಂದರೂ ಒಬ್ಬರ ಹತ್ತಿರವೂ ಕೆಂಪು ಚುಕ್ಕೆ ಇರಲಿಲ್ಲ. ಹಾಗಾಗಿ ಶ್ರೀದೇವಿ ಮನೆಗೆ ಬಂದು ಗಂಡನ ಮುಂದೆ ಮಾತು ತೆಗೆದಳು. ಕಣ್ಣಿನ ವಿಷಯ ಎತ್ತಲಿಲ್ಲ. ಇದು ಹಾಕಿದರೆ ಗುರಿ ಇನ್ನೂ ಚೆನ್ನಾಗಿ ಬರುತ್ತದಂತೆ, ಎಂದಳು ಅಷ್ಟೇ. ಹೇಳುವಾಗ ಅವಳಿಗೇ ನಾಚಿಕೆಯಾಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ!

ಅಲ್ಲೇ ತಪ್ಪಿದ್ದು. ಕೊಳ್ಳುವ ಮಾತು ಸುನಿಲಕುಮಾರನ ಕಿವಿಗೆ ಬಿದ್ದರೆ ಅದು ಅವನ ಕೆಲಸವಾಗಿಬಿಡುತ್ತದೆ. ಒಂದು ಮಿಕ್ಸರ್ ತರಲೂ ಅಳೆದೂ ಸುರಿದೂ ಅರ್ಧ ವರ್ಷ ತೆಗೆಯುವ ಮನುಷ್ಯ. ಅಷ್ಟರಲ್ಲಿ ಹಳೆಯ ಮಿಕ್ಸರಿನಲ್ಲಿ ಚಟ್ನಿ ತಿರುವಿ ತಿರುವಿ ಶ್ರೀದೇವಿಯ ಆಸೆಯೇ ನುಣ್ಣಗಾಗಿರುತ್ತಿತ್ತು. ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಅವನದು ಕ್ವಾಲಿಟಿ ವಿಭಾಗ. ಮೊಸರಲ್ಲಿ ಕಲ್ಲು ಹುಡುಕಲು ಸಂಬಳ ಕೊಡುತ್ತಾರೆ. ಇಪ್ಪತ್ತು ವರ್ಷ ಆ ಕೆಲಸ ಮಾಡಿದವನಿಗೆ ಕಲ್ಲಿಲ್ಲದ ಮೊಸರು ಕಂಡರೆ ಅನುಮಾನವೇ ಜಾಸ್ತಿ.

ಸರಿ, ರಿವ್ಯೂ ಓದಿದ. ವೀಡಿಯೊ ನೋಡಿದ. ಬ್ಯಾಟರಿ ಎಷ್ಟು ದಿನ ಬಾಳುತ್ತದೆ, ಗಾಜು ಹಸಿರೋ ನೀಲಿಯೋ, ತಿರುಪು ಯಾವ ಲೋಹದ್ದು ಎಂದೆಲ್ಲ ಊಟಕ್ಕೆ ಕೂತಾಗ ಓದಿ ಹೇಳಿದ. ಒಂದು ಬಂದೂಕನ್ನೂ ಜೀವಮಾನದಲ್ಲಿ ಮುಟ್ಟದವನು ಕೆಂಪು ಚುಕ್ಕೆಯಲ್ಲಿ ಪಂಡಿತನಾದ. ಉಲ್ಲಾ ಹೇಳಿದ ಮಾತಿನಲ್ಲಿ 'ದುಂಡಗಿರಬೇಕು' ಎಂಬುದೊಂದನ್ನು ಗಟ್ಟಿ ಹಿಡಿದುಕೊಂಡ. ನೂರು ಯೂರೋದ ಒಳಗೆ ಒಳ್ಳೆಯದು ಸಿಗಬೇಕು, ಸಿಕ್ಕೇ ಸಿಗುತ್ತದೆ, ಎಂದ.

ಮೊದಲನೆಯದು ಬಂತು. ಕೊಳವೆಯಂಥದ್ದು. ಕರವಸ್ತ್ರದಲ್ಲಿ ಹಿಡಿದು, ಬೆರಳಿನ ಗುರುತು ಬೀಳದಂತೆ ಒಳಗೆ ನೋಡಿ ಮುಖ ಸಿಂಡರಿಸಿದ. "ಇದೇನ್ ಚುಕ್ಕಿ ಏನು! ಹುಳ ಇದ್ದಂಗ ಐತಿ." ಶ್ರೀದೇವಿ ಕಾರ್ಬೈನಿಗೆ ಕೂರಿಸಿ ಒಮ್ಮೆ ಹೊಡೆದು ನೋಡಲೇ ಎಂದಳು. ಕೂರಿಸಿದರೆ ತಿರುಪಿನ ಗೀರು ಬೀಳುತ್ತದೆ, ಗೀರು ಬಿದ್ದರೆ ವಾಪಸು ತಗೊಳ್ಳುವುದಿಲ್ಲ, ಎಂದ. ಪ್ಲಾಸ್ಟಿಕ್ಕಿನ ಹಾಳೆ, ಸಿಲಿಕಾ ಪೊಟ್ಟಣ, ಎಲ್ಲವನ್ನೂ ಇದ್ದ ಜಾಗದಲ್ಲೇ ಇಟ್ಟು ಡಬ್ಬಿ ಮುಚ್ಚಿದ. ಎರಡನೆಯದು ಬಂತು. ಬೆಳಕು ಕಡಿಮೆ ಮಾಡಿ ನೋಡಿದ, ಜಾಸ್ತಿ ಮಾಡಿ ನೋಡಿದ. "ದ್ರಾಕ್ಷಿ ಗೊಂಚಲ." ಅದೂ ಹೋಯಿತು. ಈಗ ಮೂರನೆಯದು. ಒಂದೂ ಕಾರ್ಬೈನಿನ ಮುಖ ನೋಡದೆ ಬಂದ ದಾರಿಗೆ ಸುಂಕವಿಲ್ಲ ಎಂದು ಹೋದವು.

"ನಾಕನೇದು ಆರ್ಡರ್ ಮಾಡೇನಿ," ಎಂದ ಸುನಿಲಕುಮಾರ, ಡಬ್ಬಿಗೆ ಟೇಪು ಹಚ್ಚುತ್ತ. "ಅದರ ರಿವ್ಯೂ ಭಾಳ ಛಲೋ ಅದಾವ."

ಶ್ರೀದೇವಿ ಕೋಟು ಬಿಚ್ಚಿ ಈರುಳ್ಳಿ ಹೆಚ್ಚಲು ಕೂತಳು.

ಆ ವಾರವೆಲ್ಲ ಅವಳು ತನ್ನ ಕಣ್ಣನ್ನು ತಾನೇ ಪರೀಕ್ಷೆ ಮಾಡಿದಳು. ಬಸ್ಸಿನ ಬೋರ್ಡನ್ನು ಒಂದು ಕಣ್ಣು ಮುಚ್ಚಿ ಓದಿದಳು, ಇನ್ನೊಂದು ಮುಚ್ಚಿ ಓದಿದಳು. ಓದಲು ಬರುತ್ತಿತ್ತು. ಆದರೆ ಅದನ್ನು ನಂಬುವುದು ಹೇಗೆ? ನಿತ್ಯ ನೋಡಿದ ಬೋರ್ಡು, ಬಾಯಿಪಾಠವಾಗಿಯೇ ಓದುತ್ತಿರಬಹುದು. ಗೋದಾಮಿನಲ್ಲಿ ದೀಪದ ಕೆಳಗೆ ಬಿಳಿ ಅಂಗಿ ಹಿಡಿದಾಗ ಹೆದರಿಕೆಯಾಯಿತು. ಇಷ್ಟು ದಿನ ಎಷ್ಟು ಕಲೆಗಳನ್ನು ನೋಡದೆ ಬಿಟ್ಟಿದ್ದೇನೋ ಯಾರಿಗೆ ಗೊತ್ತು. ಕಣ್ಣಿನ ಡಾಕ್ಟರಿಗೆ ಫೋನು ಮಾಡಿದರೆ ಮುಂದಿನ ವರ್ಷಕ್ಕೆ ಟೆರ್ಮಿನ್, ಅಂದರೆ ಅಪಾಯಿಂಟ್‌ಮೆಂಟ್, ಕೊಟ್ಟರು. ಗಂಡನಿಗೆ ಐವತ್ತೆರಡು ವರ್ಷ. ಇನ್ನೂ ಚಸ್ಮಾ ಇಲ್ಲ, ಚಾಳೀಸೂ ಇಲ್ಲ. ನಮ್ಮ ಮನೆತನದ ಕಣ್ಣು ಗಿಡುಗನ ಕಣ್ಣು, ಎಂದು ಪೇಪರನ್ನು ಮೂಗಿನ ಹತ್ತಿರ ಹಿಡಿದು ಓದುತ್ತ ಹೇಳುತ್ತಿದ್ದ. ಅವನ ಮುಂದೆ ಅವಳ ಕಣ್ಣಿನ ಸಾಕ್ಷಿ ಯಾವ ಲೆಕ್ಕ?

ಗುರುವಾರ ಸಂಘಕ್ಕೆ ಹೋದವಳು ಕಾರ್ಬೈನನ್ನು ಚೀಲದಿಂದ ತೆಗೆಯಲೇ ಇಲ್ಲ. ಉಲ್ಲಾಳ ಪಕ್ಕದ ಬೆಂಚಿನಲ್ಲಿ ಕೂತಳು.

"ಸಂಘಕ್ಕೆ ಒಂದು ಕಾರ್ಬೈನ್ ಬೇಕು ಅನ್ನುತ್ತಿದ್ದೆಯಲ್ಲ," ಎಂದಳು. "ನನ್ನದನ್ನೇ ತಗೊಳ್ಳಿ. ನಾನು ನಿಲ್ಲಿಸುತ್ತೇನೆ."

ಉಲ್ಲಾ ಅವಳ ಮುಖ ನೋಡಿದಳು. "ಬೇಸರ ನಿನಗೋ, ನಿನ್ನ ಕಣ್ಣಿಗೋ?"

"ಕಣ್ಣು ಹೋಗಿದೆ. ಕೆಂಪು ಚುಕ್ಕೆ ಕೂಡ ನನಗೆ ಸರಿಯಾಗಿ ಕಾಣುವುದಿಲ್ಲ."

"ಯಾರು ಹೇಳಿದರು?"

"ನನ್ನ ಗಂಡ ನೋಡಿದ..." ಎಂದವಳು ಅಲ್ಲಿಗೇ ನಿಂತಳು. ಆ ಮಾತು ಜರ್ಮನ್‌ನಲ್ಲಿ ವಿಚಿತ್ರವಾಗಿ ಕೇಳಿಸಿತು. ಕನ್ನಡದಲ್ಲಾದರೂ ಹಾಗೇ ಕೇಳಿಸುತ್ತಿತ್ತೇನೋ. ಆದರೆ ತಿದ್ದಿ ಹೇಳುವಷ್ಟು ತ್ರಾಣ ಉಳಿದಿರಲಿಲ್ಲ. "ಸಾಕಾಗಿದೆ ಉಲ್ಲಾ," ಎಂದಳು.

ಉಲ್ಲಾ ಒತ್ತಾಯ ಮಾಡುವವಳಲ್ಲ. ಸಂಘದ ಪರವಾಗಿ ಶನಿವಾರ ಮಧ್ಯಾಹ್ನ ತಾನೇ ಮನೆಗೆ ಬರುತ್ತೇನೆ, ಕಾಗದಪತ್ರ ತರುತ್ತೇನೆ, ಎಂದಳು. ಹೊರಡುವಾಗ ಭುಜ ತಟ್ಟಿದಳು. ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಶ್ರೀದೇವಿ ಅತ್ತಳು. ಜೋರಾಗಿ ಅಲ್ಲ. ಪಕ್ಕದ ಸೀಟಿನವರಿಗೆ ನೆಗಡಿ ಅನ್ನಿಸುವಷ್ಟು.

ಮನೆಯಲ್ಲಿ ಗಂಡನಿಗೆ ಒಂದೇ ಮಾತು ಹೇಳಿದಳು. "ಬಂದೂಕು ಕೊಟ್ಟುಬಿಡತೀನ್ರಿ. ಸಂಘದವರ ತಗೋತಾರ."

"ಛಲೋ ಆತು ಬಿಡು," ಎಂದ ಅವನು, ತಟ್ಟೆಯಿಂದ ಕತ್ತೆತ್ತದೆ. ಆಮೇಲೆ ಅವಳ ಮುಖ ನೋಡಿ, "ನಿನಗೂ ದಣಿವು, ಎಷ್ಟಂತ ಓಡಾಡತಿ," ಎಂದು ಸೇರಿಸಿದ. ಮಾತಿನಲ್ಲಿ ಅಕ್ಕರೆಯೇ ಇತ್ತು.

ಶನಿವಾರ ಬೆಳಿಗ್ಗೆ ನಾಲ್ಕನೆಯ ಪಾರ್ಸಲ್ ಬಂತು.

"ಇನ್ಯಾಕ್ರಿ ಅದು? ಬಂದೂಕ ಹೊಂಟೈತಲ್ಲ. ಒಡೀದೆ ಕಳಸ್ರಿ."

"ಹಂಗೆಂಗ? ಬಂದದ್ದನ್ನ ಚೆಕ್ ಮಾಡಬೇಕು."

ಮೇಜಿನ ಮೇಲೆ ಪೇಪರು ಹಾಸಿದ. ಚಾಕುವಿನಿಂದ ಟೇಪನ್ನು ನವಿರಾಗಿ ಕೊಯ್ದ. ಕರವಸ್ತ್ರದಲ್ಲಿ ಹಿಡಿದು ಎದುರಿನ ಬಿಳಿ ಗೋಡೆಗೆ ಗುರಿಯಿಟ್ಟ. ಶ್ರೀದೇವಿ ಅಡುಗೆಮನೆಯಲ್ಲಿ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದಳು.

"ಥೂ! ಇದು ಎಲ್ಲಾದರಕಿಂತ ಹೊಲಸ!" ಎಂಬ ಕೂಗು ಕೇಳಿತು. "ಈ ಸಲ ನಾ ಬಿಡಂಗಿಲ್ಲ. ಡಿಫೆಕ್ಟ್ ಅಂತ ಕಂಪ್ಲೇಂಟ್ ಹಾಕತೀನಿ. ಫೋಟೋ ಬೇಕಂತ. ಬಾ ಇಲ್ಲಿ, ನಾ ಹಿಡಿತೀನಿ, ನೀ ಫೋಟೋ ತಗಿ."

ಒಲೆ ಆರಿಸಿ ಬಂದಳು. ಅವನು ಅದನ್ನು ಗೋಡೆಗೆ ಎದುರಾಗಿ ಹಿಡಿದ. ಅವಳು ಫೋನನ್ನು ಗಾಜಿನ ಹಿಂದೆ ತಂದು ಫೋಟೋ ತೆಗೆದಳು. ದೊಡ್ಡದು ಮಾಡಿ ನೋಡಿದಳು. ಚುಕ್ಕೆ ದುಂಡಗಿತ್ತು.

"ಎಲ್ಲಿ ತಾ," ಎಂದು ಅವನು ನೋಡಿದ. "ಏ, ನಿನಗ ಫೋಟೋ ತಗಿಯಾಕ ಬರಂಗಿಲ್ಲ. ಕೈ ಅಳ್ಳಾಡಿಸಿರತಿ."

ಅಲ್ಲಾಡಿದ ಕೈಯಿಂದ ಡೊಂಕು ಚುಕ್ಕೆ ದುಂಡಗಾಗುವುದು ಹೇಗೆಂದು ಅವಳು ಕೇಳಲಿಲ್ಲ. ಈಗ ಅವಳು ಹಿಡಿದಳು, ಅವನು ತೆಗೆದ. ದುಂಡಗಿತ್ತು. ಹತ್ತಿರದಿಂದ ತೆಗೆದ, ದೂರದಿಂದ ತೆಗೆದ, ಪರದೆ ಎಳೆದು ಕತ್ತಲು ಮಾಡಿ ತೆಗೆದ. ಪ್ರತಿ ಸಲವೂ ಕಣ್ಣಿನಿಂದ ಒಮ್ಮೆ ನೋಡಿ "ಬಾಲ ಐತಿ" ಅನ್ನುವುದು, ಫೋನಿನಲ್ಲಿ ನೋಡಿ ಹುಬ್ಬು ಗಂಟಿಕ್ಕುವುದು.

"ಫೋನಿನಾಗ ಎಐ ಇರತೈತಿ," ಎಂದ ಕೊನೆಗೆ. "ತಾನ ತಿದ್ದಿಬಿಡತೈತಿ. ಇದನ್ನ ಪುರಾವೆ ಅಂತ ಕೊಡಾಕ ಬರಂಗಿಲ್ಲ."

ಗೋದಾಮಿನ ಅಭ್ಯಾಸವೊಂದು ಶ್ರೀದೇವಿಯ ಕೈಗೆ ನೆನಪಾಯಿತು. ಅಂಗಿಯ ಮೇಲೆ ಕಲೆ ಕಂಡರೆ ಅವರು ಮೊದಲು ಅಂಗಿಯನ್ನು ತಿರುಗಿಸುತ್ತಾರೆ. ಕಲೆ ಜೊತೆಗೆ ತಿರುಗಿದರೆ ಅದು ಅಂಗಿಯದು. ಇದ್ದಲ್ಲೇ ಇದ್ದರೆ ಮೇಲಿನ ದೀಪದ ಗಾಜಿನದು. ಹೊಸದಾಗಿ ಸೇರಿದವರಿಗೆ ಮೊದಲ ದಿನ ಹೇಳಿಕೊಡುವ ಪಾಠ ಅದು.

"ಬಾಲ ಯಾ ಕಡೆ ಐತ್ರಿ?" ಎಂದು ಕೇಳಿದಳು.

"ಬಲಕ್ಕ. ಕೆಳಗ ಇಳದೈತಿ."

"ನೋಡಕೋತನ ಅದನ್ನ ಅಡ್ಡ ತಿರುಗಸ್ರಿ."

ತಿರುಗಿಸಿದ.

"ಈಗ?"

"ಬಲಕ್ಕ. ಕೆಳಗ."

"ಪೂರಾ ತಲಿಕೆಳಗ ಮಾಡ್ರಿ."

ಮಾಡಿದ. "ಬಲಕ್ಕ," ಎಂದ, ಈ ಸಲ ಮೆಲ್ಲಗೆ.

"ಈಗ ಅದನ್ನ ಅಳ್ಳಾಡಸಬ್ಯಾಡ್ರಿ. ನಿಮ್ಮ ತಲಿ ಓರಿ ಮಾಡ್ರಿ. ಭುಜಕ್ಕ ಹತ್ತುವಂಗ."

ಐವತ್ತೆರಡು ವರ್ಷದ ಮನುಷ್ಯ, ಕ್ವಾಲಿಟಿ ವಿಭಾಗದ ಹಿರಿಯ ಎಂಜಿನಿಯರು, ಮುಂಜಾನೆ ಲುಂಗಿ ಉಟ್ಟುಕೊಂಡು ಗೋಡೆಯ ಮುಂದೆ ಕತ್ತು ಓರೆ ಮಾಡಿ ನಿಂತ. ನಗು ಬರಬೇಕಿತ್ತು. ಇಬ್ಬರಿಗೂ ಬರಲಿಲ್ಲ.

"ಬಾಲ ತಿರುಗತು," ಎಂದ ಸುನಿಲಕುಮಾರ. "ನನ್ನ ತಲಿ ಜೋಡಿ ತಿರುಗತು."

ಕರವಸ್ತ್ರವನ್ನು ಮೇಜಿನ ಮೇಲಿಟ್ಟ. ಅದರ ಮೇಲೆ ಆ ಕರಿಯ ಸಾಮಾನನ್ನು ಇಟ್ಟ. ಇನ್ನೊಮ್ಮೆ ತೆಗೆದು ನೋಡಲು ಕೈ ಚಾಚಿದವನು ಹಾಗೇ ಹಿಂದಕ್ಕೆ ತೆಗೆದುಕೊಂಡ.

ಶ್ರೀದೇವಿಗೆ ಮೊದಲು ಆದದ್ದು ಸಂತೋಷ. ಬಿಸಿಲು ಬಿದ್ದ ಹಾಗೆ ಮೈಯೆಲ್ಲ ಹಗುರಾಯಿತು. ಬಾಲ ಇವನ ಕಣ್ಣಿನದು, ನನ್ನ ಕಣ್ಣು ನೆಟ್ಟಗಿದೆ! ನಾಲ್ಕೂ ಚುಕ್ಕೆ ದುಂಡಗಿದ್ದವು, ನಾನು ನೋಡಿದ್ದೇ ನಿಜ! ಅದರ ಬೆನ್ನಿಗೇ ಸಿಟ್ಟು ಬಂತು. ಇಷ್ಟು ದಿನ ಬಸ್ಸಿನ ಬೋರ್ಡಿನ ಮುಂದೆ ಒಂದೊಂದೇ ಕಣ್ಣು ಮುಚ್ಚಿ ನಿಂತದ್ದು, ಅಂಗಿ ಹಿಡಿದು ಹೆದರಿದ್ದು, ತೊಡೆಯ ಮೇಲೆ ಚೀಲವಿಟ್ಟುಕೊಂಡು ಅತ್ತದ್ದು, ಎಲ್ಲ ಒಟ್ಟಿಗೆ ನುಗ್ಗಿ ಬಂತು. ಗಂಡನ ಮೇಲೆ ಬಂದ ಸಿಟ್ಟಿನಲ್ಲಿ ಅರ್ಧ ತನ್ನ ಮೇಲೇ ತಿರುಗಿತು. ಕಣ್ಣಾರೆ ಕಂಡದ್ದನ್ನು ಬಿಟ್ಟು ಇವನ ಮಾತು ಹಿಡಿದೆನಲ್ಲ, ಎಂಥ ದಡ್ಡಿ ನಾನು.

ಫೋನು ತೆಗೆದುಕೊಂಡು ಉಲ್ಲಾಗೆ ಹಚ್ಚಿದಳು.

"ಉಲ್ಲಾ, ಮಧ್ಯಾಹ್ನ ಬಾ. ಊಟಕ್ಕೆ ಬಾ. ಕಾಗದಪತ್ರ ತರಬೇಡ."

"ಕಾರ್ಬೈನು?"

"ಕೊಡುವುದಿಲ್ಲ."

"ಒಳ್ಳೆಯದು," ಎಂದಳು ಉಲ್ಲಾ. "ಖಾರ ಕಡಿಮೆ ಹಾಕು."

ಫೋನು ಇಟ್ಟು ತಿರುಗಿದರೆ ಸುನಿಲಕುಮಾರ ಕಿಟಕಿಯ ಹತ್ತಿರ ನಿಂತಿದ್ದ. ಜಗಳಕ್ಕೆ ಸಿದ್ಧವಾಗಿಯೇ ಶ್ರೀದೇವಿ ಅತ್ತ ಹೆಜ್ಜೆ ಹಾಕಿದಳು. ಅರ್ಧ ದಾರಿಯಲ್ಲೇ ನಿಂತಳು. ಅವನು ಅಂಗೈಯಿಂದ ಎಡಗಣ್ಣು ಮುಚ್ಚಿ ಕೆಳಗಿನ ರಸ್ತೆಯನ್ನು ನೋಡುತ್ತಿದ್ದ. ಆಮೇಲೆ ಬಲಗಣ್ಣು ಮುಚ್ಚಿದ.

"ರಾತ್ರಿ ಗಾಡಿ ಹೊಡಿಯೂ ಮುಂದ," ಎಂದ, ತಿರುಗದೆಯೇ, "ಎದುರಿನ ಗಾಡಿ ಲೈಟಿಗೆ ಮುಳ್ಳು ಬರತಾವ. ದೊಡ್ಡ ದೊಡ್ಡ ಮುಳ್ಳು. ಎಲ್ಲಾರಿಗೂ ಹಂಗ ಕಾಣತಾವಂತ ತಿಳಕೊಂಡಿದ್ನಿ."

"ಎಷ್ಟು ದಿನದಿಂದ?"

"ಗೊತ್ತಿಲ್ಲ. ಮೊದಲಿಂದಾನೂ ಅನಸತೈತಿ." ಕಣ್ಣು ಉಜ್ಜಿಕೊಂಡ. "ಕೆಲಸದಾಗೂ ನಾ ರಿಜೆಕ್ಟ್ ಮಾಡಿದ್ದು ಎಷ್ಟೋ ಏನೋ. ದಿನಾ ಕಣ್ಣಿಂದಲ ನೋಡೂದ ನನ್ನ ಕೆಲಸ."

ಅವನ ದನಿಯಲ್ಲಿ ಹೆದರಿಕೆ ಇತ್ತು. ಇಷ್ಟು ದಿನ ಅವಳು ಒಬ್ಬಳೇ ಹೊತ್ತುಕೊಂಡು ತಿರುಗಿದ ಹೆದರಿಕೆಯೇ ಅದು, ಗುರುತು ಸಿಕ್ಕಿತು. ಅವಳ ಸಿಟ್ಟು ಇಳಿಯಲಿಲ್ಲ. ಆದರೆ ಅದನ್ನು ಎತ್ತಿ ಒಗೆಯಲು ಕೈ ಬರಲಿಲ್ಲ.

"ಚಸ್ಮಾ ಹಾಕಿದ್ರ ಹೋಗತೈತ್ರಿ ಅದು," ಎಂದಳು. "ಭಾಳ ಮಂದಿಗೆ ಇರತೈತಿ. ಸೋಮವಾರ ಆಪ್ಟಿಕರ್ ಕಡೆ ಹೋಗೂಣು. ಅಲ್ಲಿ ತನಕ ಕತ್ತಲಾದ ಮ್ಯಾಲೆ ಗಾಡಿ ತಗಿಯೂದು ಬ್ಯಾಡ."

'ಬಿಡು' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡಳು.

ಅವನು ಕಿಟಕಿ ಬಿಟ್ಟು ಬಂದು ಮೇಜಿನ ಹತ್ತಿರ ನಿಂತ. ಏನನ್ನೋ ಲೆಕ್ಕ ಹಾಕುತ್ತಿದ್ದವನ ಮುಖ. ತಟ್ಟನೆ ಅವಳನ್ನು ನೋಡಿದ.

"ಅಲ್ಲ, ನಿನಗ ದುಂಡಗ ಕಾಣತಿತ್ತೇನು?"

"ಹೂಂ."

"ನಾಕೂ?"

"ಇದನ್ನ ಈಗ ಫೋಟೋದಾಗ ನೋಡೇನಿ. ಉಳದ ಮೂರೂ ದುಂಡಗ ಇದ್ವು."

"ಮತ್ಯಾಕ ಹೇಳಲಿಲ್ಲ ನೀ?"

"ನೀವು ಕೇಳಲಿಲ್ಲ," ಎಂದಳು ಶ್ರೀದೇವಿ.

ಚುಚ್ಚಬೇಕೆಂದು ಆಡಿದ ಮಾತಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ಆದರೆ ಆಡಿದ ಮೇಲೆ ಅವಳಿಗೇ ಅದು ಹೊಸದಾಗಿ ಕೇಳಿಸಿತು. ಮದುವೆಯಾಗಿ ಇಪ್ಪತ್ತಮೂರು ವರ್ಷ. ಮನೆ ನೋಡಿದ್ದಾನೆ, ಕಾರು ನೋಡಿದ್ದಾನೆ, ಅವಳ ಚಪ್ಪಲಿ, ಅವಳ ಫೋನು, ಅವಳ ದಣಿವು, ಎಲ್ಲವನ್ನೂ ತಾನೇ ನೋಡಿ, ತೂಗಿ, ಇಷ್ಟು ಎಂದು ಹೇಳಿದ್ದಾನೆ. ನಿನಗೆ ಹೇಗೆ ಕಾಣುತ್ತದೆ ಎಂದು ಒಂದು ಸಲ ಕೇಳಿದ ನೆನಪು ಅವಳಿಗಿರಲಿಲ್ಲ. ಅವಳೂ ಹೇಳುವ ರೂಢಿ ಬಿಟ್ಟು ಎಷ್ಟು ಕಾಲವಾಗಿತ್ತೋ.

ಅಡುಗೆಮನೆಯಲ್ಲಿ ಅರ್ಧ ಹುರಿದ ರವೆ ಆರುತ್ತಿತ್ತು. ಸುನಿಲಕುಮಾರ ಕರವಸ್ತ್ರ ಬಿಟ್ಟು ಬರಿಗೈಯಲ್ಲೇ ಆ ಕರಿಯ ಸಾಮಾನನ್ನು ಎತ್ತಿದ. ಗಾಜಿನ ಮೇಲೆ ಅವನ ಹೆಬ್ಬೆಟ್ಟಿನ ಗುರುತು ದಪ್ಪಗೆ ಬಿತ್ತು. ಅದನ್ನು ಅವಳತ್ತ ಚಾಚಿದ.

"ನೋಡು," ಎಂದ. ದನಿ ಸಣ್ಣದಾಗಿತ್ತು. "ನಿನಗ ಹೆಂಗ ಕಾಣತೈತಿ, ಹೇಳು."

ಶ್ರೀದೇವಿ ಅದನ್ನು ತೆಗೆದುಕೊಂಡಳು. ಕಣ್ಣಿನ ಹತ್ತಿರ ಒಯ್ಯಲಿಲ್ಲ. ಹೇಳಬೇಕಾದ್ದು ಎಷ್ಟೊಂದು ಇತ್ತು, ಎಲ್ಲಿಂದ ಶುರು ಮಾಡುವುದೆಂದು ಅವಳಿಗೆ ತಿಳಿಯಲಿಲ್ಲ. ಮೇಜಿನ ಕೆಳಗಿನಿಂದ ಒಂದು ಕುರ್ಚಿ ಎಳೆದು ಅವನ ಮುಂದಿಟ್ಟಳು.

"ಕುಂದರ್ರಿ," ಎಂದಳು. "ಹೇಳತೀನಿ. ಸ್ವಲ್ಪ ಹೊತ್ತು ಹಿಡಿತೈತಿ."